ಮಾತ್ರೆ ಕವರು ಮೊದಲು, ಸ್ಕ್ಯಾನು ಆಮೇಲೆ



ಚಿತ್ರದುರ್ಗ ಸೀಮೆಯ ಈ ಮೇಳದಂಥ ಆರೋಗ್ಯ ಮೇಳಗಳಲ್ಲಿ ಸಕ್ಕರೆ, ಬಿ.ಪಿ., ಕಣ್ಣಿನ ತಪಾಸಣೆಗೆ ಸಾಲು ನಿಲ್ಲುತ್ತದೆ, ಮರೆವಿನ ತಪಾಸಣೆಗೆ ನಿಲ್ಲುವುದಿಲ್ಲ. ಅರವತ್ತಾಯಿತು, ಅರಳು ಮರಳು ಎಂದು ನಾವೇ ತೀರ್ಪು ಕೊಟ್ಟು ಮುಗಿಸಿರುತ್ತೇವೆ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ, ಅಂದರೆ ಬುದ್ಧಿ ಮಂಕಾಗುವ ಕಾಯಿಲೆ, ಇರುವವರು ಶೇ 7.4, ಅಂದರೆ ಸುಮಾರು 88 ಲಕ್ಷ ಜನ. ದೊಡ್ಡ ಸಂಖ್ಯೆ, ನಿಜ. ಅದನ್ನೇ ಇನ್ನೊಂದು ಕಡೆಯಿಂದ ನೋಡಿ: ನೂರರಲ್ಲಿ ತೊಂಬತ್ತೆರಡು ಹಿರಿಯರಿಗೆ ಅದು ಇಲ್ಲ. ವಯಸ್ಸೊಂದೇ ಕಾರಣವಾಗಿದ್ದರೆ ಇವರೆಲ್ಲ ಪಾರಾದದ್ದು ಹೇಗೆ? ಬುದ್ಧಿ ಮಂಕಾದರೆ ಅದಕ್ಕೊಂದು ಕಾರಣವಿರುತ್ತದೆ, ಕೆಲವು ಕಾರಣಗಳಿಗೆ ಮದ್ದೂ ಇದೆ. ಆ ಕಾರಣವನ್ನು ಹುಡುಕುವ ಕೆಲಸ ಸ್ಕ್ಯಾನಿಂಗ್ ಯಂತ್ರದಿಂದಲ್ಲ, ಮನೆಯವರಿಗೆ ಕೇಳುವ ಒಂದು ಪ್ರಶ್ನೆಯಿಂದ ಮತ್ತು ಹಿರಿಯರ ಮಾತ್ರೆ ಕವರಿನಿಂದ ಶುರುವಾಗಬೇಕು ಎಂಬುದು ನನ್ನ ವಾದ.

ಪ್ರಶ್ನೆ ಇಷ್ಟೇ: ಯಾವಾಗಿನಿಂದ ಹೀಗೆ? ಡಿಮೆನ್ಷಿಯಾ ತರುವ ಆಲ್ಝೈಮರ್ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಒಳಸೇರುವಂಥದು, ಶುರುವಾದ ದಿನ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದಲೇ "ಯುಗಾದಿವರೆಗೂ ಸಂತೆ ಲೆಕ್ಕ ಬಾಯಲ್ಲೇ ಹೇಳ್ತಿದ್ರು, ಈಗ ಮೊಮ್ಮಗನ ಹೆಸರೂ ಬರಲ್ಲ" ಎಂದು ಮನೆಯವರು ಹೇಳಿದರೆ ವೈದ್ಯರು ಕಿವಿ ನಿಮಿರಿಸಬೇಕು. ಇಂಥ ದಿಢೀರ್ ಬದಲಾವಣೆಯ ಹಿಂದೆ ತಲೆಗೆ ಬಿದ್ದ ಪೆಟ್ಟಿರಬಹುದು: ಬಚ್ಚಲಲ್ಲಿ ಜಾರಿದ್ದು, ಬೈಕಿನ ಹಿಂದೆ ಕೂತವರು ರಸ್ತೆ ಹಂಪಿನಲ್ಲಿ ಬಿದ್ದದ್ದು ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ, ತಲೆಬುರುಡೆಯ ಒಳಗೆ ರಕ್ತ ವಾರಗಟ್ಟಲೆ ಹನಿಹನಿಯಾಗಿ ಸೇರಿ ಮೆದುಳನ್ನು ಒತ್ತಬಹುದು. ಆಗ ತೂಕಡಿಕೆ, ತಲೆನೋವು, ಕಾಲೆಳೆತ, ಗೊಂದಲ ಕಾಣಿಸುತ್ತವೆ. ಬುರುಡೆಗೆ ಸಣ್ಣ ರಂಧ್ರ ಕೊರೆದು ಆ ರಕ್ತ ತೆಗೆದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಯಾರಿಗೆ ತುರ್ತಾಗಿ ಸ್ಕ್ಯಾನ್ ಬೇಕು ಎಂಬುದನ್ನೂ ಈ ಪ್ರಶ್ನೆಯೇ ಹೇಳುತ್ತದೆ.

ಇನ್ನು ಕವರು. ಅದರಲ್ಲಿ ನಿದ್ದೆ ಮಾತ್ರೆ ಇರುತ್ತದೆ, ಹಳೇ ಸ್ಟ್ರಿಪ್ಪು ತೋರಿಸಿ ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆ ಇರುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಮಾತ್ರೆ ಇರುತ್ತದೆ. ಮೂರೂ ಮುದಿ ಮೆದುಳಿಗೆ ಮಂಪರು ಕವಿಸಬಲ್ಲವು. ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ರಕ್ತದ ಸೋಡಿಯಂ ಇಳಿಸಿ ಗೊಂದಲ ತರಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ಕಿಗೆಂದು ವರ್ಷಾನುಗಟ್ಟಲೆ ನುಂಗುವ ಮಾತ್ರೆ ಇವೆರಡೂ ಬಿ12 ಜೀವಸತ್ವ ಮೈಗೆ ಸೇರದಂತೆ ಅಡ್ಡಿ ಮಾಡಬಹುದು. ರಾಗಿ, ಬೇಳೆ, ಸೊಪ್ಪಿನಲ್ಲಿ ಬಿ12 ಇಲ್ಲ. ಪೂರಾ ಸಸ್ಯಾಹಾರದ ಮನೆಯಲ್ಲಿ ಅದರ ಆಸರೆ ಹಾಲು ಮೊಸರು ಮಾತ್ರ, ವಯಸ್ಸಾದ ಮೇಲೆ ಅದೂ ಕಡಿಮೆಯಾಗುತ್ತದೆ. ಕವರಿನಾಚೆಗೂ ಕಾರಣಗಳಿವೆ: ಥೈರಾಯ್ಡ್ ಕುಂದಿದರೂ ಮರೆವು ಬರಬಹುದು. ಸಂಗಾತಿ ತೀರಿಕೊಂಡ ಮೇಲೆ ಮಾತು ಬಿಟ್ಟು ಕೂತವರದು ಎಷ್ಟೋ ಸಲ ಖಿನ್ನತೆ.

ಇಲ್ಲಿ ವಿಷಯ ಬಲ್ಲವರು ಗಟ್ಟಿಯಾದ ಆಕ್ಷೇಪವೊಂದನ್ನು ಎತ್ತುತ್ತಾರೆ. 2003ರಲ್ಲಿ ಕ್ಲಾರ್‌ಫೀಲ್ಡ್ ಎಂಬ ವೃದ್ಧರೋಗ ತಜ್ಞ ಡಿಮೆನ್ಷಿಯಾದ 39 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಗುಣವಾಗಬಹುದಾದ ಕಾರಣ ಶೇ 9 ರೋಗಿಗಳಲ್ಲಿ ಸಿಕ್ಕಿತು, ನಿಜವಾಗಿ ಸುಧಾರಿಸಿದವರು ಶೇ 0.6 ಮಾತ್ರ. ಇಷ್ಟಕ್ಕಾಗಿ ಎಲ್ಲರ ರಕ್ತ ತೆಗೆದು ಬಿ12, ಥೈರಾಯ್ಡ್ ನೋಡಬೇಕೇ ಎಂಬುದು ಅವರ ಪ್ರಶ್ನೆ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 129 ಡಿಮೆನ್ಷಿಯಾ ರೋಗಿಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 18 ಮಂದಿಗೆ ಸರಿಪಡಿಸಬಹುದಾದ ಕಾರಣವಿತ್ತು: ಮೆದುಳಿನ ಸೋಂಕು, ಮೆದುಳಿನ ಕುಹರಗಳಲ್ಲಿ ನೀರು ತುಂಬುವುದು, ಬಿ12 ಕೊರತೆ ಇಂಥವು. ಅದು ದೊಡ್ಡಾಸ್ಪತ್ರೆಯ ಲೆಕ್ಕ, ಅದನ್ನೇ ಹೊಸದುರ್ಗದ ಹಳ್ಳಿಗೆ ಅನ್ವಯಿಸುವುದು ಸರಿಯಲ್ಲ. ಕ್ಲಾರ್‌ಫೀಲ್ಡ್ ಅಂಕಿಯನ್ನು ಪೂರ್ತಿ ಒಪ್ಪಿದರೂ ನನ್ನ ವಾದ ನಿಲ್ಲುತ್ತದೆ. ಈ ಹುಡುಕಾಟಕ್ಕೆ ತಗಲುವುದು ಒಂದು ಸಲದ ರಕ್ತ, ಕಾಲು ಗಂಟೆಯ ಮಾತು. ಬಿ12 ಕೊರತೆಯನ್ನು ಬೇಗ ಹಿಡಿದರೆ ತುಂಬಬಹುದು, ವರ್ಷಗಳು ಕಳೆದರೆ ನರಗಳಿಗಾದ ಹಾನಿ ಹಾಗೆಯೇ ಉಳಿದುಬಿಡಬಹುದು. ಆಲ್ಝೈಮರ್ ಇರುವವರಿಗೂ ಮಂಪರಿನ ಮಾತ್ರೆ ತಪ್ಪಿಸಿ, ಕಣ್ಣಿನ ಪೊರೆ ತೆಗೆಸಿ, ಕಿವಿಗೆ ಯಂತ್ರ ಹಾಕಿಸಿದರೆ ಕಾಯಿಲೆ ಹೋಗದಿದ್ದರೂ ದಿನ ಹಗುರಾಗುತ್ತದೆ. ಶೇ 0.6ರಲ್ಲಿ ಈ ಲಾಭ ಸೇರಿಲ್ಲ.

ಇನ್ನೊಂದು ಆಕ್ಷೇಪ, ಓದು ಬಾರದವರ ನೆನಪನ್ನು ಅಳೆಯುವುದು ಹೇಗೆಂಬುದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಇಂಗ್ಲಿಷ್ ತಾರೀಖು ಕೇಳಿ ಶೂನ್ಯ ಕೊಡುವುದು ನಮ್ಮ ದಡ್ಡತನ. ಅಮಾವಾಸ್ಯೆ ಯಾವಾಗ, ಸಂತೆ ಯಾವ ವಾರ, ಹಸು ಎಷ್ಟನೇ ಸೂಲು ಎಂದು ಕೇಳಿ. ಈಚಿನ ತನಕ ಗೊತ್ತಿದ್ದದ್ದು ಈಗ ತಪ್ಪಿದರೆ ಅದೇ ಸುಳಿವು. ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಮರೆವಿನ ರೋಗಿಗಳನ್ನು ಜಿಲ್ಲಾ ಮಟ್ಟದಲ್ಲೇ ಗುರುತಿಸಲು ಹೊರಟಿದೆ. ಅಲ್ಲಿಗೆ ಕಳಿಸುವ ಕೈ ಹಳ್ಳಿಯಲ್ಲಿರಬೇಕು.

ನನ್ನ ಮಾತು ಕೇಳಿ ಇವತ್ತು ರಾತ್ರಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ನಿದ್ದೆ ಮಾತ್ರೆ ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು, ಬಿ.ಪಿ. ಮಾತ್ರೆ ಬಿಟ್ಟರೆ ಲಕ್ವ ಹೊಡೆಯಬಹುದು. ಕವರನ್ನು ಹಾಗೇ, ನಾಟಿ ಔಷಧಿಯ ಪುಡಿಯನ್ನೂ ಸೇರಿಸಿ, ಮರೆವಿನ ತಪಾಸಣೆಯ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಬಿದ್ದದ್ದೇನಾದರೂ ಇದ್ದರೆ ಮುಚ್ಚಿಡದೆ ಹೇಳಿ.