12 ಟೆನ್ಸ್‌ಗೆ ಹೆದರಬೇಡಿ, ಇರೋದು ನಾಲ್ಕೇ ರೂಪ

ಇವತ್ತಿನ ಎಪಿಸೋಡ್ ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆ ಓಡಾಡ್ತಿರೋರಿಗೆ. ಬಿಕಾಂ ಆಗಿದೆ, ಟ್ಯಾಲಿ ಬರುತ್ತೆ, ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋಕೂ ಗೊತ್ತು. ಆದರೆ "ನಿಮ್ಮ ಬಗ್ಗೆ ಇಂಗ್ಲಿಷ್‌ನಲ್ಲಿ ಹೇಳಿ" ಅಂದ ಕೂಡಲೇ ಗಂಟಲು ಒಣಗುತ್ತೆ. ಹೈಸ್ಕೂಲಿನ ಆ 12 ಟೆನ್ಸ್ ಚಾರ್ಟ್ ಕಣ್ಣ ಮುಂದೆ ಬರುತ್ತೆ.

ಚಾರ್ಟನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. "ವರ್ಕ್" ಅನ್ನೋ ಒಂದೇ ಪದ ತಗೊಳ್ಳಿ. ಇದು ರೆಗ್ಯುಲರ್ ವರ್ಬ್. ಇದಕ್ಕಿರೋದು ನಾಲ್ಕೇ ರೂಪ: ವರ್ಕ್, ವರ್ಕ್ಸ್, ವರ್ಕ್ಡ್, ವರ್ಕಿಂಗ್. ಕಾಲ್, ಹೆಲ್ಪ್, ಚೆಕ್, ಸ್ಟಾರ್ಟ್, ಎಲ್ಲಕ್ಕೂ ಇದೇ ಲೆಕ್ಕ. "ಗೋ" ಹೋಗಿ "ವೆಂಟ್" ಆಗೋ ಥರದ ಪದಗಳು ಬೇರೆ, ಅವನ್ನ ಬಾಯಿಪಾಠ ಮಾಡಲೇಬೇಕು.

ಈಗ ನಮ್ಮ ಕನ್ನಡ ನೋಡಿ. ಮಾಡಿದೆ, ಮಾಡಿದೆವು, ಮಾಡಿದಿರಿ, ಮಾಡಿದನು, ಮಾಡಿದಳು, ಮಾಡಿದರು, ಮಾಡಿತು, ಮಾಡಿದವು. ಬರೀ ಭೂತಕಾಲಕ್ಕೇ ಇಷ್ಟು! ಇಂಗ್ಲಿಷ್‌ನಲ್ಲಿ ಇಷ್ಟಕ್ಕೂ ಒಂದೇ "ವರ್ಕ್ಡ್". ಇಷ್ಟನ್ನ ಯೋಚನೆನೇ ಮಾಡದೆ ಮಾತಾಡೋ ನಿಮಗೆ ನಾಲ್ಕು ರೂಪ ಯಾವ ಲೆಕ್ಕ?

ಹಾಗಾದ್ರೆ 12 ಎಲ್ಲಿಂದ ಬಂತು? ಸಹಾಯಕ ಪದಗಳಿಂದ. ನಮ್ಮಲ್ಲಿ ಆ ಕೆಲಸ ಮಾಡೋದು ಹೆಚ್ಚಾಗಿ "ಇರು". ಸುಮ್ನೆ ಜೋಡಿಸಿ ನೋಡಿ. ಕೆಲಸ ಮಾಡಿದೆ: ಐ ವರ್ಕ್ಡ್. ಮಾಡ್ತಿದ್ದೀನಿ: ಐ ಯಾಮ್ ವರ್ಕಿಂಗ್. ಮಾಡ್ತಿದ್ದೆ: ಐ ವಾಸ್ ವರ್ಕಿಂಗ್. ಮಾಡಿದ್ದೀನಿ: ಐ ಹ್ಯಾವ್ ವರ್ಕ್ಡ್. ಮಾಡಿದ್ದೆ: ಐ ಹ್ಯಾಡ್ ವರ್ಕ್ಡ್. ಸುಮಾರು ಅರ್ಧ ಚಾರ್ಟ್ ನಿಮ್ಮ ಬಾಯಲ್ಲೇ ಇದೆ.

"ಡಿಡ್ ನಾಟ್" ಕೂಡ ಹಾಗೇ. "ಮಾಡಿದೆ" ಅನ್ನೋದನ್ನ ಇಲ್ಲ ಅನ್ನಬೇಕಾದ್ರೆ ನಾವು "ಮಾಡಲಿಲ್ಲ" ಅಂತೀವಿ. "ಮಾಡಿದಲಿಲ್ಲ" ಅಂತ ಯಾರೂ ಅನ್ನಲ್ಲ. ಇಂಗ್ಲಿಷ್‌ನಲ್ಲೂ ಕಾಲ ತೋರಿಸೋ ಕೆಲಸ "ಡಿಡ್" ಮಾಡಿಬಿಡುತ್ತೆ, ಅದಕ್ಕೆ "ಡಿಡ್ ನಾಟ್ ವರ್ಕ್". "ಡಿಡ್ ನಾಟ್ ವರ್ಕ್ಡ್" ಅಲ್ಲ.

ಆದರೆ ಮೂರು ಕಡೆ ಕನ್ನಡ ನಮಗೆ ಕೈಕೊಡುತ್ತೆ. ಇಂಟರ್‌ವ್ಯೂನಲ್ಲಿ ಅರ್ಥ ಕೆಡೋದೂ ಇಲ್ಲೇ, ಗಮನವಿಟ್ಟು ಕೇಳಿ.

ಒಂದು, ಮರ್ಯಾದೆ. "ಅಪ್ಪ ಅಂಗಡೀಲಿ ಕೆಲಸ ಮಾಡ್ತಾರೆ" ಅಂತ ನಾವು ಬಹುವಚನ ಬಳಸ್ತೀವಿ. ಇಂಗ್ಲಿಷ್‌ನ ಕ್ರಿಯಾಪದಕ್ಕೆ ಈ ಮರ್ಯಾದೆ ಗೊತ್ತಿಲ್ಲ. ಅಪ್ಪ ಒಬ್ಬರೇ, ಹಾಗಾಗಿ "ಮೈ ಫಾದರ್ ವರ್ಕ್ಸ್". ಆ ಎಸ್ ಬಿಡಬೇಡಿ.

ಎರಡು, "ನಿನ್ನೆ". "ನಿನ್ನೆನೇ ಮೇಲ್ ಮಾಡಿದ್ದೀನಿ ಸಾರ್" ಅಂದ್ರೆ ಕನ್ನಡದಲ್ಲಿ ಸರಿ. ಇಂಗ್ಲಿಷ್‌ನಲ್ಲಿ ನಿನ್ನೆ, ಹೋದ ವಾರ, 2023ರಲ್ಲಿ ಅಂತ ಮುಗಿದುಹೋದ ಸಮಯ ಹೇಳಿದ್ರೆ "ಹ್ಯಾವ್" ಬರಲ್ಲ. "ಐ ಮೇಲ್ಡ್ ಇಟ್ ಯೆಸ್ಟರ್‌ಡೇ" ಅಷ್ಟೇ.

ಮೂರು, ಎಲ್ಲಕ್ಕಿಂತ ಮುಖ್ಯ. "ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ." ಇದನ್ನ ನೇರವಾಗಿ "ಐ ಯಾಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್" ಅಂತೀವಿ. ಸರಿಯಾದದ್ದು "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್". ಇನ್ನು "ಐ ವರ್ಕ್ಡ್ ಫಾರ್ ಟೂ ಇಯರ್ಸ್" ಅಂದ್ರಂತೂ ಎದುರಿಗೆ ಕೂತವರು ಆ ಕೆಲಸ ಬಿಟ್ಟಾಯ್ತು ಅಂದ್ಕೋಬಹುದು. "ಯಾಕೆ ಬಿಟ್ರಿ?" ಅನ್ನೋ ಪ್ರಶ್ನೆ ಬರುತ್ತೆ. ನೀವಿನ್ನೂ ಅಲ್ಲೇ ಇದ್ದೀರಿ! ಒಂದು "ಹ್ಯಾವ್ ಬೀನ್" ಬಿಟ್ಟಿದ್ದಕ್ಕೆ ಇಷ್ಟು ಗೊಂದಲ.

ಕೊನೆಗೆ ಉಚ್ಚಾರಣೆ. ಬರೆಯುವಾಗ ಕೊನೇಲಿ ಇಡಿ ಅಂತ ಇದ್ರೂ ಬಾಯಲ್ಲಿ ಅದಕ್ಕೆ ಮೂರು ಸದ್ದು. ವರ್ಕ್, ಹೆಲ್ಪ್, ಚೆಕ್ ಆದ್ಮೇಲೆ "ಟ್": ವರ್ಕ್ಟ್, ಹೆಲ್ಪ್ಟ್. ಕಾಲ್, ಮೂವ್ ಆದ್ಮೇಲೆ "ಡ್": ಕಾಲ್ಡ್. ಪದದ ಕೊನೇಲೇ ಟ್ ಅಥವಾ ಡ್ ಸದ್ದಿದ್ರೆ ಮಾತ್ರ "ಎಡ್" ಥರ: ಸ್ಟಾರ್ಟೆಡ್, ನೀಡೆಡ್. "ವರ್ಕೆಡ್" ಅನ್ನಬೇಡಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಮೂರೇ ವಾಕ್ಯ ಹೇಳಿ: ನಿನ್ನೆ ಏನು ಮಾಡಿದೆ, ಈಗ ಏನು ಮಾಡ್ತಿದ್ದೀನಿ, ಎಷ್ಟು ದಿನದಿಂದ ಮಾಡ್ತಿದ್ದೀನಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಒಂದು ವಾರ ಬಿಡದೆ ಮಾಡಿ, ಮೊದಲ ದಿನದ್ದೂ ಏಳನೇ ದಿನದ್ದೂ ಒಟ್ಟಿಗೆ ಕೇಳಿ. ಇಂಟರ್‌ವ್ಯೂ ಇರೋ ಫ್ರೆಂಡ್ಸ್‌ಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ವೆಂಟ್, ರೋಟ್, ಟುಕ್ ಥರದ ಹಠಮಾರಿ ಪದಗಳ ಜೊತೆ ಸಿಗ್ತೀನಿ. ಬರ್ಲಾ?