ಮೋರಿಯೆಂದು ಕರೆದ ನದಿ

ನಾನು ವಾಸಿಸುವ ಬಡಾವಣೆಯ ಹೆಸರು ಮೂಡಲಪಾಳ್ಯ. ಮೂಡಲೆಂದರೆ ಪೂರ್ವ, ಆದರೆ ಈ ಊರು ಇರುವುದು ಬೆಂಗಳೂರಿನ ಪಡುವಣ ದಿಕ್ಕಿನಲ್ಲಿ. ಹೆಸರು ಉಳಿದು ಅರ್ಥ ದಿಕ್ಕು ತಪ್ಪಿದ್ದಕ್ಕೆ ಇದೊಂದು ನಿದರ್ಶನ. ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ನೆರೆಯಲ್ಲೇ ಇದೆ. ಅಲ್ಲಿ ವಸ್ತು ಉಳಿದಿದೆ, ಹೆಸರು ಅಳಿದಿದೆ. ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವ ಕಪ್ಪು ನೀರನ್ನು ಜನ ‘ಕೆಂಗೇರಿ ಮೋರಿ’ ಎನ್ನುತ್ತಾರೆ. ಅದರ ನಿಜವಾದ ಹೆಸರು ವೃಷಭಾವತಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಈ ನದಿ ಹುಟ್ಟಿತೆಂಬುದು ಪ್ರತೀತಿ. ಮಲ್ಲೇಶ್ವರದ ಕಾಡುಮಲ್ಲೇಶ್ವರನ ಕಡೆಯಿಂದ ಬರುವ ಮತ್ತೊಂದು ಕವಲಿಗೂ ಇಂಥದೇ ಐತಿಹ್ಯವುಂಟು. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿ ಇದರ ದಡದಲ್ಲೇ ಇದೆ. ನೀರು ನಿರ್ಮಲವಾಗಿದ್ದಲ್ಲಿ ಹಿರಿಯರು ಗುಡಿ ಕಟ್ಟುತ್ತಿದ್ದರು. ಇಂದು ಆ ಗುಡಿಗೆ ಹೋಗುವವರು ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತಾರೆ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಗಾಳಿ ಬೀಸುವ ದಿನಗಳಲ್ಲಿ ಕಿಟಕಿ ಮುಚ್ಚಿಸಿ ಆ ಪಾಠ ಹೇಳಿದ್ದೇನೆ. ಅದರಲ್ಲಿದ್ದ ವ್ಯಂಗ್ಯ ಅಂದು ನನಗೆ ಹೊಳೆಯಲಿಲ್ಲ.

ವೃಷಭಾವತಿ ಬೈರಮಂಗಲದ ಕೆರೆಯನ್ನು ಹೊಕ್ಕು ಮುಂದೆ ಅರ್ಕಾವತಿಯನ್ನೂ, ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. 1974ರಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯ ನೀರನ್ನು ಮೇಲೆತ್ತಿ ತಂದು ಕುಡಿಯುತ್ತಿದೆ. ಕುಡಿದು, ತೊಳೆದು, ಬಳಸಿ ಉಳಿದುದನ್ನು ಇದೇ ವೃಷಭಾವತಿಯ ಮೂಲಕ ಅದೇ ಕಾವೇರಿಗೆ ಕಳಿಸುತ್ತೇವೆ. ನೆರೆಮನೆಯಿಂದ ಹಾಲು ಕಡ ತಂದು ಕೊಚ್ಚೆ ತುಂಬಿದ ಪಾತ್ರೆ ಹಿಂದಿರುಗಿಸಿದಂತೆ ಇದು. ನಡುವೆ ಆ ನೀರಿನಿಂದಲೇ ಹೊಲ ತೇವ ಮಾಡಿಕೊಳ್ಳಬೇಕಾದ ಬೈರಮಂಗಲದ ರೈತನನ್ನು ಯಾರೂ ಕೇಳಲಿಲ್ಲ.

ಅರ್ಕಾವತಿಗೆ ಇನ್ನೊಬ್ಬ ಮಗಳಿದ್ದಾಳೆ, ಕುಮುದ್ವತಿ. ಶಿವಗಂಗೆಯ ಬೆಟ್ಟದ ಕಡೆ ಹುಟ್ಟಿ, ನೆಲಮಂಗಲದ ಸೀಮೆಯಲ್ಲಿ ಹರಿದು, 1933ರಲ್ಲಿ ಕಟ್ಟಿ ಮುಗಿಸಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬರುವವಳು. ಅಕ್ಕತಂಗಿಯರ ಕಷ್ಟಗಳು ಬೇರೆ ಬೇರೆ. ಕುಮುದ್ವತಿ ಬತ್ತಿಹೋದಳು, ವೃಷಭಾವತಿ ಎಂದೂ ಬತ್ತುವುದಿಲ್ಲ, ಆದರೆ ಮುಟ್ಟಲು ಬಾರದು. ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ನೆಲದೊಳಗಿನ ತೇವವನ್ನು ಹೀರಿದಾಗ ನದಿಯ ಪಾತ್ರ ಮರಳಾಯಿತು. 2013ರಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಸ್ವಯಂಸೇವಕರು ಅಲ್ಲಿ ಕೆಲಸಕ್ಕೆ ಕೈಹಾಕಿದರು. ಭೂಜಲ ತಜ್ಞರ ಮಾತು ಕೇಳಿ ಅವರು ನದಿಯ ಪಾತ್ರವೊಂದನ್ನೇ ನೋಡುತ್ತ ಕೂರದೆ, ಮಳೆ ಬೀಳುವ ಇಳಿಜಾರಿಗೆ ಹೋದರು. ತೊರೆಗಳಿಗೆ ಅಡ್ಡಲಾಗಿ ಕಲ್ಲು ಜೋಡಿಸಿ ನೀರಿನ ಓಟ ತಗ್ಗಿಸಿದರು, ಇಂಗುಬಾವಿ ತೋಡಿದರು, ಹಳ್ಳಿಗಳ ಕಲ್ಯಾಣಿಗಳ ಹೂಳೆತ್ತಿದರು, ಗಿಡ ನೆಟ್ಟರು. ಓಡುವ ನೀರನ್ನು ನಡೆಸು, ನಡೆವ ನೀರನ್ನು ನಿಲಿಸು, ನಿಂತುದನ್ನು ಇಂಗಿಸು: ವಿದ್ಯೆ ಇಷ್ಟೇ.

ಇದೇ ಉಪಾಯ ವೃಷಭಾವತಿಗೆ ಸಲ್ಲುವುದೇ? ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಭಾನುವಾರಗಳಂದು ನಮ್ಮ ಕಡೆಯ ರಾಜಕಾಲುವೆಯೊಂದನ್ನು ಶುಚಿ ಮಾಡುತ್ತಿದ್ದರು. ಒಂದು ಮುಂಜಾನೆ ನಾನೂ ಹೋದೆ. ಬಗ್ಗಲಾರದ ನನಗೆ ಚೀಲ ಹಿಡಿಯುವ ಕೆಲಸ ಸಿಕ್ಕಿತು. ಪ್ಲಾಸ್ಟಿಕ್ಕು, ಹರಿದ ಹಾಸಿಗೆ, ಒಡೆದ ಗಣಪತಿ, ಏನೆಲ್ಲ ಬಂತು! ಮರುವಾರ ಹೋಗಿ ನೋಡಿದರೆ ಕಾಲುವೆ ಮತ್ತೆ ಮೊದಲಿನಂತೆಯೇ ಇತ್ತು. “ಇದು ವ್ಯರ್ಥವಲ್ಲವೇನಯ್ಯಾ?” ಎಂದೆ. ಅವರಲ್ಲೊಬ್ಬ ವಿನಯದಿಂದಲೇ ಕೇಳಿದ: “ಸಾರ್, ನಿಮ್ಮ ತಾರಸಿಯ ಮಳೆನೀರು ಎಲ್ಲಿಗೆ ಹೋಗುತ್ತೆ?”

ನನಗೆ ಉತ್ತರ ತಿಳಿದಿರಲಿಲ್ಲ. ಮನೆಗೆ ಬಂದು ಗಾರೆ ಕೆಲಸದವನನ್ನು ಕರೆಸಿ ನೋಡಿಸಿದೆ. ಮನೆ ಕಟ್ಟಿದಂದು ಖರ್ಚು ಉಳಿಯಲೆಂದು ನಾನೇ ಒಪ್ಪಿ, ತಾರಸಿಯ ಕೊಳವೆಯನ್ನು ಒಳಚರಂಡಿಗೆ ಸೇರಿಸಿದ್ದೆ. ಮಳೆಗಾಲದಲ್ಲಿ ಇಂಥ ಸಾವಿರಾರು ಮನೆಗಳ ನೀರು ಒಳಚರಂಡಿಗೆ ನುಗ್ಗುತ್ತದೆ. ಅದು ತಾಳಲಾರದೆ ಉಕ್ಕಿ ರಾಜಕಾಲುವೆಗೆ ಬೀಳುತ್ತದೆ. ಕಾಲುವೆ ವೃಷಭಾವತಿಗೆ ಬೀಳುತ್ತದೆ. ನಾನು ಕಿಟಕಿ ಮುಚ್ಚಿಸಿದ ದುರ್ಗಂಧದಲ್ಲಿ ನನ್ನ ಪಾಲೂ ಇತ್ತು. ಈಗ ಅಂಗಳದಲ್ಲೊಂದು ಇಂಗುಗುಂಡಿ ಇದೆ. ತಾರಸಿಯ ನೀರು ಅಲ್ಲಿ ಇಳಿಯುತ್ತದೆ.

ಇದರಿಂದ ನದಿ ತಿಳಿಯಾಯಿತೆಂದು ನಾನು ಹೇಳಲಾರೆ. ನಗರದ ಕೊಳಚೆಯನ್ನೂ ಕಾರ್ಖಾನೆಗಳ ವಿಷವನ್ನೂ ಶುದ್ಧಿಮಾಡುವುದು ಸ್ವಯಂಸೇವಕರ ಕೈಲಾಗದ ಕೆಲಸ. ಅದು ಆಳುವವರ ಹೊಣೆ, ಅವರಿಂದ ಕೇಳಿ ಪಡೆಯಬೇಕಾದದ್ದು. ಆದರೆ ಮೋರಿಗಾಗಿ ಯಾರೂ ಆಳುವವರನ್ನು ಕೇಳುವುದಿಲ್ಲ, ನದಿಗಾಗಿ ಕೇಳುತ್ತಾರೆ. ಭಾನುವಾರ ಕೆಸರಿಗಿಳಿಯುವ ಆ ಹುಡುಗರು ಎತ್ತಿದ್ದು ಕಸವನ್ನಷ್ಟೇ ಅಲ್ಲ. ಕಸದಡಿ ಹೂತಿದ್ದ ಒಂದು ಹೆಸರನ್ನು ಕೂಡ. ಅವರ ಜೊತೆ ಹೋಗಲು ನಿಮಗೆ ಆಗದಿದ್ದರೆ ಚಿಂತೆಯಿಲ್ಲ. ನಾಳೆ ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಮಗು ಅದೇನೆಂದು ಕೇಳಿದರೆ, ‘ಮೋರಿ’ ಎನ್ನಬೇಡಿ. ‘ವೃಷಭಾವತಿ’ ಎನ್ನಿ. ಮುಂದಿನ ಪ್ರಶ್ನೆಯನ್ನು ಮಗುವೇ ಕೇಳುತ್ತದೆ. ಅದಕ್ಕೆ ಉತ್ತರ ಹೇಳಲು ನಾವು ಸಿದ್ಧರಾಗಿರೋಣ.