ಉದ್ಯೋಗದ ಹುಡುಕಾಟ: ಸಾಮರ್ಥ್ಯವೂ ಬೇಕು, ಅಮಾನತ್ತೂ ಬೇಕು

ಜುಮಾ ಖುತ್ಬಾದ ಸಾರಾಂಶ

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಅನುಚರರ ಮೇಲೆ ಶಾಂತಿ, ಕರುಣೆ ವರ್ಷಿಸಲಿ.

ಪ್ರಿಯ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬದುಕುವಂತೆ ಮೊದಲು ನಮ್ಮ ಮನಸ್ಸಿಗೂ ಬಳಿಕ ನಿಮಗೂ ಉಪದೇಶಿಸುತ್ತೇವೆ.

ನಮ್ಮ ಮಹಲ್ಲಾದಲ್ಲಿ ಪದವಿ ಮುಗಿಸಿ ಒಂದೆರಡು ವರ್ಷಗಳಿಂದ ಮನೆಯಲ್ಲೇ ಇರುವ ಹುಡುಗರಿದ್ದಾರೆ. ಹದಿನೈದು, ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದು, ಕೆಲಸ ಹೋಗಿ ಊರಿಗೆ ಮರಳಿದವರಿದ್ದಾರೆ. ಬೀಡಿಯ ದುಡಿಮೆ ಕಡಿಮೆಯಾಗಿ ಮನೆ ನಡೆಸಲು ಕಷ್ಟಪಡುವ ತಾಯಂದಿರಿದ್ದಾರೆ. ಈ ಹುಡುಗರಲ್ಲಿ ಕೆಲವರು ಜುಮಾಕ್ಕೆ ತಡವಾಗಿ ಬಂದು, ಸಲಾಂ ಆದ ಕೂಡಲೇ ಹೊರಟುಬಿಡುತ್ತಾರೆ. ದೀನಿನ ಮೇಲೆ ಅವರಿಗೆ ಅಸಡ್ಡೆಯಿಲ್ಲ. ಮೆಟ್ಟಿಲ ಬಳಿ ಯಾರಾದರೂ ನಿಲ್ಲಿಸಿ, "ಈಗ ಏನು ಕೆಲಸ ಮಾಡ್ತಿದ್ದಿ?" ಎಂದು ಕೇಳಿಬಿಡುತ್ತಾರೆ ಎಂಬ ಅಳುಕು. ಮಸೀದಿಯ ಅಂಗಳವೇ ಒಬ್ಬ ಯುವಕನಿಗೆ ತಲೆ ತಗ್ಗಿಸುವ ಜಾಗವಾದರೆ, ಅದರ ಬಗ್ಗೆ ಮಿಂಬರ್‌ನಿಂದ ಮಾತನಾಡದೆ ಇರಲಾಗದು.

ಜುಮಾ ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಸೂರಾ ಅಲ್ ಜುಮುಆ ನಮಗೆ ಕಲಿಸುತ್ತದೆ. ನಮಾಝ್‌ಗೆ ಕರೆದ ಅದೇ ಸೂರಾ ದುಡಿಮೆಗೂ ಕಳುಹಿಸುತ್ತದೆ. ಹಾಗಾಗಿ ಕೆಲಸ ಹುಡುಕುವುದು ದೀನಿನ ಹೊರಗಿನ ವಿಷಯವಲ್ಲ. ಹಲಾಲ್ ಸಂಪಾದನೆಗಾಗಿ ಮನೆಯಿಂದ ಹೊರಟವನ ಹೆಜ್ಜೆಗೂ ಪ್ರತಿಫಲವಿದೆ.

ಮದ್‌ಯನ್‌ನಲ್ಲಿ ಮೂಸಾ(ಅ)

ಕೆಲಸವಿಲ್ಲದೆ ಕಂಗಾಲಾದವರು ಸೂರಾ ಅಲ್ ಕಸಸ್ ಓದಬೇಕು. ಪ್ರವಾದಿ ಮೂಸಾ(ಅ) ಬೆಳೆದದ್ದು ಫಿರ್‌ಔನನ ಅರಮನೆಯಲ್ಲಿ. ಪ್ರಾಣಾಪಾಯ ಎದುರಾದಾಗ ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದರು. ಅಲ್ಲಿ ಮನೆಯಿಲ್ಲ, ಪರಿಚಯದವರಿಲ್ಲ, ಕೈಯಲ್ಲಿ ಏನೂ ಇಲ್ಲ. ನೀರಿನ ಬಳಿ ಕುರಿಗಾಹಿಗಳ ನೂಕುನುಗ್ಗಲು. ಇಬ್ಬರು ಹೆಣ್ಣುಮಕ್ಕಳು ತಮ್ಮ ಕುರಿಗಳನ್ನು ತಡೆದುಕೊಂಡು ಪಕ್ಕದಲ್ಲಿ ನಿಂತಿದ್ದರು. ಮೂಸಾ(ಅ) ಕೂಲಿಯ ಮಾತೇ ಎತ್ತದೆ ಅವರ ಕುರಿಗಳಿಗೆ ನೀರುಣಿಸಿದರು. ಆಮೇಲೆ ನೆರಳಿಗೆ ಸರಿದು, ತನ್ನ ಪ್ರಭು ಕಳುಹಿಸುವ ಯಾವುದೇ ಒಳಿತಿಗೂ ತಾನು ಬಡವನೆಂದು ದುಆ ಮಾಡಿದರು.

ಇಲ್ಲಿರುವ ಕ್ರಮವನ್ನು ಗಮನಿಸಿ. ಮೊದಲು ಕೈಯಲ್ಲಾದ ಕೆಲಸ, ನಂತರ ದುಆ. ಕೆಲಸ ಸಿಗುವ ತನಕ ಕೈಕಟ್ಟಿ ಕೂರಲಿಲ್ಲ, ಕೆಲಸ ಮಾಡಿದೆನೆಂದು ದುಆ ಬಿಡಲಿಲ್ಲ. ತವಕ್ಕುಲ್ ಎಂದರೆ ಇದೇ. ಹಕ್ಕಿಗಳಿಗೆ ಅಲ್ಲಾಹನು ಆಹಾರ ಕೊಡುತ್ತಾನೆಂದು ಪ್ರವಾದಿ(ಸ) ತಿಳಿಸಿದ ಹದೀಸ್‌ನಲ್ಲೂ ಹಕ್ಕಿ ಬೆಳಿಗ್ಗೆ ಗೂಡು ಬಿಟ್ಟು ಹೊರಡುತ್ತದೆ.

ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಹೇಳಿದಳು. ಕಾರಣವಾಗಿ ಎರಡು ಗುಣಗಳನ್ನು ಹೆಸರಿಸಿದಳು: ಬಲ ಮತ್ತು ವಿಶ್ವಾಸಾರ್ಹತೆ. ಇಂದಿಗೂ ಯಾವ ಕಚೇರಿಯಾದರೂ, ಯಾವ ಅಂಗಡಿಯಾದರೂ ಹುಡುಕುವುದು ಈ ಎರಡನ್ನೇ. ಕೆಲಸ ಬರುತ್ತದೆಯೇ? ನಂಬಬಹುದೇ? ಅರಮನೆಯಲ್ಲಿ ಬೆಳೆದವರು ಕುರಿ ಕಾಯಲು ಒಪ್ಪಿದರು, ವರ್ಷಗಟ್ಟಲೆ ಕಾದರು. ಅದರಿಂದ ಅವರ ಸ್ಥಾನ ಕುಂದಲಿಲ್ಲ. ದಾವೂದ್(ಅ) ಕಬ್ಬಿಣದ ಕವಚ ಮಾಡುತ್ತಿದ್ದರು, ಝಕರಿಯ್ಯಾ(ಅ) ಬಡಗಿಯಾಗಿದ್ದರು. ಹೀಗಿರುವಾಗ ನಮ್ಮ ಮನೆಗಳಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಕೆಲಸವನ್ನು ಹಗುರವಾಗಿ ಕಾಣುವುದೇಕೆ? ಮಗ ಐಟಿಐ ಸೇರುತ್ತೇನೆಂದರೆ ಮುಖ ಸಿಂಡರಿಸುವ ತಂದೆ, ಅದೇ ಎಸಿ ಮೆಕ್ಯಾನಿಕ್ ಮನೆಗೆ ಬರಲು ಮೂರು ದಿನ ಕಾಯುತ್ತಾನೆ.

ಇಲ್ಲದ ಅನುಭವ ಬರೆಯಬಹುದೇ?

ಯುವಕರು ನಮ್ಮಲ್ಲಿ ಆಗಾಗ ಕೇಳುವ ಪ್ರಶ್ನೆಯೊಂದಿದೆ. "ಉಸ್ತಾದ್, ಎಲ್ಲ ಕಡೆ ಎರಡು ವರ್ಷದ ಅನುಭವ ಕೇಳ್ತಾರೆ. ಬಯೋಡೇಟಾದಲ್ಲಿ ಸುಮ್ಮನೆ ಬರೆದರೆ ತಪ್ಪಾ? ಎಲ್ಲರೂ ಹಾಗೇ ಮಾಡ್ತಾರೆ." ಹಸಿದವನ ಪ್ರಶ್ನೆಯಿದು, ಆದ್ದರಿಂದ ಗದರಿಸಿ ಕಳುಹಿಸುವಂತಿಲ್ಲ. ಆದರೆ ಉತ್ತರ ಸ್ಪಷ್ಟವಿದೆ. ಮೋಸ ಮಾಡುವವನು ನಮ್ಮವನಲ್ಲ ಎಂಬರ್ಥದ ಮಾತನ್ನು ಪ್ರವಾದಿ(ಸ) ಹೇಳಿದ್ದು ಪೇಟೆಯಲ್ಲಿ, ಮೇಲೆ ಒಣ ಧಾನ್ಯ ಹಾಕಿ ಕೆಳಗೆ ಒದ್ದೆ ಧಾನ್ಯ ಮುಚ್ಚಿಟ್ಟವನ ಮುಂದೆ. ಸುಳ್ಳು ಅನುಭವ ಪತ್ರವೂ ಹಾಗೆಯೇ, ಮೇಲೆ ಒಣಗಿದ್ದು, ಒಳಗೆ ಒದ್ದೆ. ಈಗ ಅನೇಕ ಕಂಪೆನಿಗಳು ಹಳೆಯ ಕೆಲಸದ ಬಗ್ಗೆ, ಪಿಎಫ್ ದಾಖಲೆಯ ಬಗ್ಗೆ ವಿಚಾರಿಸುತ್ತವೆ. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಹೆಸರೂ ಹೋಯಿತು. ಸಿಕ್ಕಿಬೀಳದಿದ್ದರೂ ಪ್ರತಿ ತಿಂಗಳ ಸಂಬಳದ ಮೇಲೆ ಆ ಸುಳ್ಳಿನ ನೆರಳು ಇರುತ್ತದೆ.

ಹಾಗಾದರೆ ಏನು ಬರೆಯಬೇಕು? ಯೂಸುಫ್(ಅ) ಈಜಿಪ್ಟಿನ ದೊರೆಯ ಬಳಿ ಉಗ್ರಾಣಗಳ ಹೊಣೆಯನ್ನು ತಾವೇ ಕೇಳಿದರು. ತಾನು ಕಾಪಾಡಬಲ್ಲೆ, ತನಗೆ ತಿಳಿವಳಿಕೆಯಿದೆ ಎಂದರು. ಇರುವ ಅರ್ಹತೆಯನ್ನು ಹೇಳಿಕೊಳ್ಳುವುದು ಜಂಬವಲ್ಲ, ಇಲ್ಲದ್ದನ್ನು ಸೇರಿಸುವುದು ಸುಳ್ಳು. ನಮ್ಮ ಹುಡುಗರಿಗೆ ತಮ್ಮಲ್ಲಿ ಇರುವುದೇ ತಿಳಿದಿರುವುದಿಲ್ಲ. ತಂದೆಯ ಅಂಗಡಿಯಲ್ಲಿ ಮೂರು ವರ್ಷ ಲೆಕ್ಕ ಬರೆದಿದ್ದೀರಾ? ಬರೆಯಿರಿ, ಅದು ಅನುಭವ. ರಮಝಾನ್ ಕಿಟ್‌ಗೆ ಇನ್ನೂರು ಮನೆಗಳ ಪಟ್ಟಿ ಮಾಡಿ ಹಂಚಿದ್ದೀರಾ? ಬರೆಯಿರಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ ಅಕ್ಷರ ಕಲಿತವರು ನೀವು. ಅದನ್ನೂ ಬರೆಯಿರಿ. ನಡುವೆ ಎರಡು ವರ್ಷ ಖಾಲಿಯಿದ್ದರೆ ಕಾರಣವನ್ನು ಇದ್ದಂತೆ ಹೇಳಿ. ತಾಯಿಯ ಕಾಯಿಲೆಗೆ ಮನೆಯಲ್ಲಿದ್ದುದು ನಾಚಿಕೆಯ ವಿಷಯವಲ್ಲ.

ಕಲಿಕೆಗೆ ವಯಸ್ಸಿಲ್ಲ

ಕೆಲಸದ ಸ್ವರೂಪ ಬದಲಾಗುತ್ತಿದೆ. ಟೈಪಿಂಗ್, ಬಿಲ್ಲಿಂಗ್, ಸಾಮಾನ್ಯ ಪತ್ರವ್ಯವಹಾರವನ್ನು ಈಗ ಕಂಪ್ಯೂಟರ್ ತಾನೇ ಮಾಡುತ್ತದೆ. ಕೃತಕ ಬುದ್ಧಿಮತ್ತೆಯಿಂದ ಕೆಲಸ ಹೋಗುತ್ತದೆಂಬ ಹೆದರಿಕೆ ಎಲ್ಲ ಮನೆಗಳಲ್ಲೂ ಇದೆ. ಇಂಥ ಸಮಯದಲ್ಲಿ ಝೈದ್ ಬಿನ್ ಸಾಬಿತ್(ರ) ನಮಗೆ ಮಾದರಿ. ಯಹೂದಿಯರೊಂದಿಗಿನ ಪತ್ರವ್ಯವಹಾರಕ್ಕೆ ಅವರ ಬರಹ ಬಲ್ಲ ನಂಬಿಕಸ್ಥರು ಬೇಕಾದಾಗ, ಅದನ್ನು ಕಲಿಯುವಂತೆ ಪ್ರವಾದಿ(ಸ) ಈ ತರುಣರಿಗೆ ಹೇಳಿದರು. ಸುಮಾರು ಹದಿನೈದು ದಿನಗಳಲ್ಲಿ ಅವರು ಕಲಿತರೆಂದು ವರದಿಯಿದೆ. ಮುಂದೆ ಅಬೂಬಕರ್(ರ)ರ ಕಾಲದಲ್ಲಿ ಕುರ್‌ಆನ್ ಸಂಗ್ರಹದ ಮಹಾ ಹೊಣೆಯನ್ನು ಹೊತ್ತವರೂ ಅವರೇ. ಹೊಸ ಅಗತ್ಯ ಬಂದಾಗ ಹೊಸ ವಿದ್ಯೆ ಕಲಿತರು. ಅಂದು ಕಲಿತ ಶಿಸ್ತು ದೊಡ್ಡ ಕೆಲಸಕ್ಕೆ ದಾರಿಯಾಯಿತು.

ಬಿಕಾಂ ಮುಗಿಸಿದವರು ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಕೈಗೆ ಬರುವಷ್ಟು ಕಲಿಯಿರಿ. ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪಾಸು ಮಾಡಿಕೊಳ್ಳಬಹುದು. ಕೈಕೆಲಸದಲ್ಲಿ ಆಸಕ್ತಿಯಿದ್ದವರಿಗೆ ಸರಕಾರಿ ಐಟಿಐ, ಜಿಟಿಟಿಸಿಯಂಥ ಕಡೆ ಕಡಿಮೆ ಶುಲ್ಕದಲ್ಲಿ ತರಬೇತಿಯಿದೆ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯದ ಯುವನಿಧಿಯಲ್ಲಿ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ. ಗರಿಷ್ಠ ಎರಡು ವರ್ಷ ಸಿಗುತ್ತದೆ. ಅರ್ಹರು ಅರ್ಜಿ ಹಾಕಲು ಸಂಕೋಚಪಡಬೇಡಿ, ಕೆಲಸ ಸಿಕ್ಕಿದ ಮೇಲೆ ಮುಚ್ಚಿಟ್ಟು ಪಡೆಯಲೂ ಬೇಡಿ.

ಗಲ್ಫ್ ದಾರಿಯ ಎಚ್ಚರಿಕೆ

ನಮ್ಮ ಕರಾವಳಿಯ ಅದೆಷ್ಟೋ ಮನೆಗಳು, ಮಸೀದಿಗಳು ಎದ್ದು ನಿಂತದ್ದು ಗಲ್ಫ್‌ನ ಬೆವರಿನಿಂದ. ಆದರೆ ಆ ಕಾಲದ ಗಲ್ಫ್ ಈಗಿಲ್ಲ. ಸೌದಿ ಅರೇಬಿಯಾ 2011ರಲ್ಲಿ ನಿತಾಕತ್ ತಂದು ತನ್ನ ಪ್ರಜೆಗಳಿಗೆ ಕೆಲಸ ಕಾದಿರಿಸಿತು. 2017ರಿಂದ ವಿದೇಶಿ ಕೆಲಸಗಾರರ ಕುಟುಂಬದವರ ಮೇಲೂ ತಲೆಗಿಷ್ಟು ಶುಲ್ಕ ಬಂತು. ಯುಎಇಯಲ್ಲೂ ದೊಡ್ಡ ಖಾಸಗಿ ಕಂಪೆನಿಗಳು ಸ್ವದೇಶೀಯರನ್ನು ವರ್ಷ ವರ್ಷ ಹೆಚ್ಚಿಸಬೇಕೆಂಬ ನಿಯಮವಿದೆ. "ಹೋಗಿ ನೋಡುವಾ, ಏನಾದರೂ ಸಿಕ್ಕೀತು" ಎಂಬ ಕಾಲ ಮುಗಿಯಿತು. ಕೈಯಲ್ಲಿ ಕಸುಬು, ಅದಕ್ಕೆ ಪ್ರಮಾಣಪತ್ರ ಎರಡೂ ಇರಬೇಕು.

ತಾಯಿಯ ಬಳೆ ಮಾರಿ ಏಜೆಂಟ್‌ಗೆ ಹಣ ಕೊಡುವ ಮೊದಲು ನಾಲ್ಕು ಮಾತು ನೆನಪಿಡಿ. ಒಂದು, ಏಜೆಂಟ್ ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತನೇ ಎಂದು ನೋಡಿ. ಎರಡು, ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ 30,000 ರೂ. ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ರಶೀದಿ ಕೇಳಿ ಪಡೆಯಿರಿ. ಮೂರು, ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ನಿಲ್ಲಬೇಡಿ, ಸಂಬಳ ಕೊಡದಿದ್ದರೆ ಕೇಳಲು ದಾಖಲೆಯಿರುವುದಿಲ್ಲ. ನಾಲ್ಕು, ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್ ಎಂದು ಭಾರೀ ಸಂಬಳದ ಕಂಪ್ಯೂಟರ್ ಕೆಲಸ ತೋರಿಸಿ, ಯುವಕರನ್ನು ಆನ್‌ಲೈನ್ ವಂಚನೆಯ ಅಡ್ಡೆಗಳಿಗೆ ತಳ್ಳಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ಊರಲ್ಲೇ ಕೂತು ಬ್ಯಾಂಕ್ ಖಾತೆಯನ್ನು "ಕಮಿಷನ್‌ಗೆ" ಬೇರೆಯವರಿಗೆ ಕೊಡುವುದೂ ಅದೇ ವಂಚನೆಯ ಪಾಲು. ಆ ಹಣ ಹರಾಮ್, ಪೊಲೀಸರು ಮೊದಲು ಬರುವುದೂ ನಿಮ್ಮ ಮನೆಗೇ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ.

ಮೂಸಾ(ಅ)ರ ಕೆಲಸಕ್ಕೂ ಕರಾರು ಇತ್ತು. ಎಂಟು ವರ್ಷ, ಇಷ್ಟವಿದ್ದರೆ ಹತ್ತು. ಕಷ್ಟಕೊಡುವುದಿಲ್ಲವೆಂದು ಮಾಲಕರು ಮಾತುಕೊಟ್ಟರು, ಅಲ್ಲಾಹನನ್ನು ಸಾಕ್ಷಿಯಾಗಿಟ್ಟರು. ನಾವೋ "ನಮ್ಮವರೇ ಅಲ್ವಾ" ಎಂದು ಓದದೆ ಸಹಿ ಹಾಕುತ್ತೇವೆ.

ಮಾಲಕರಿಗೂ ಜಮಾಅತ್‌ಗೂ

ಅಂಗಡಿ, ಹೋಟೆಲ್, ಶಾಲೆ ನಡೆಸುವ ಸಹೋದರರೇ, ಬೆವರು ಆರುವ ಮೊದಲು ಕೂಲಿ ಕೊಡಲು ಪ್ರವಾದಿ(ಸ) ಕಲಿಸಿದ್ದಾರೆ. "ಕೆಲಸ ಕಲಿಸುತ್ತಿದ್ದೇವಲ್ಲ" ಎಂದು ವರ್ಷಗಟ್ಟಲೆ ಪುಡಿಗಾಸು ಕೊಡುವುದು ದಾನವಲ್ಲ, ಅದು ಹಕ್ಕು ಕಸಿಯುವುದು. ದೊಡ್ಡ ಸದಕ ಕೊಡುವ ಕೈ ಮೊದಲು ಸಂಬಳದ ಬಾಕಿ ಕೊಡಲಿ.

ಓದಿದ ಹೆಣ್ಣುಮಕ್ಕಳು ಯೋಗ್ಯ ಕೆಲಸ ಮಾಡಬಯಸಿದರೆ, ಖದೀಜಾ(ರ) ದೊಡ್ಡ ವ್ಯಾಪಾರ ನಡೆಸಿದವರೆಂಬುದು ನೆನಪಿರಲಿ. ಅವಳ ದುಡಿಮೆ ಅವಳ ಸ್ವತ್ತು. ಮನೆಯ ಖರ್ಚಿನ ಹೊಣೆ ಗಂಡನ ಮೇಲಿದೆ.

ಒಮ್ಮೆ ಅನ್ಸಾರಿಯೊಬ್ಬರು ಪ್ರವಾದಿ(ಸ)ರ ಬಳಿ ಬೇಡಲು ಬಂದರು. ಪ್ರವಾದಿ(ಸ) ಅವರ ಮನೆಯ ಕಂಬಳಿ ಮತ್ತು ಬಟ್ಟಲನ್ನು ತರಿಸಿ ಎರಡು ದಿರ್ಹಮ್‌ಗೆ ಮಾರಿಸಿದರು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಕೊಡಲಿಗೆ ತಮ್ಮ ಕೈಯಾರೆ ಹಿಡಿ ಹಾಕಿ, ಕಟ್ಟಿಗೆ ಕಡಿಯಲು ಕಳುಹಿಸಿ, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಆತ ಹತ್ತು ದಿರ್ಹಮ್ ಸಂಪಾದಿಸಿ ಬಂದರೆಂದು ಅಬೂದಾವೂದ್‌ನಲ್ಲಿದೆ.

ಜಮಾಅತ್ ಮಾಡಬೇಕಾದ ಕೆಲಸವೂ ಇದೇ. ಕಸುಬು ಬಲ್ಲ ಬಡವನಿಗೆ ಸಲಕರಣೆ ಕೊಳ್ಳಲು ಝಕಾತ್ ಕೊಡಬಹುದೆಂದು ನಮ್ಮ ಶಾಫಿಈ ಫಿಕ್ಹ್ ಹೇಳುತ್ತದೆ. ಒಂದು ಹೊಲಿಗೆ ಯಂತ್ರ, ಒಂದು ಡ್ರಿಲ್ಲಿಂಗ್ ಮೆಷಿನ್ ಸಾಕು, ಮುಂದಿನ ರಮಝಾನ್‌ನಲ್ಲಿ ಅವನ ಹೆಸರು ಪಟ್ಟಿಯಲ್ಲಿರಲಾರದು. ಮಸೀದಿಯ ಫಲಕದಲ್ಲಿ ಕೆಲಸ ಖಾಲಿಯಿರುವ ಮಾಹಿತಿ ಹಾಕೋಣ. ಕೆಲಸದಲ್ಲಿರುವವರು ತಿಂಗಳಿಗೊಂದು ಸಂಜೆ ಮದ್ರಸದಲ್ಲಿ ಕೂತು ಹುಡುಗರ ಬಯೋಡೇಟಾ ನೋಡಲಿ, ಸಂದರ್ಶನಕ್ಕೆ ತಯಾರು ಮಾಡಲಿ. ಮೆಟ್ಟಿಲ ಬಳಿ "ಏನು ಕೆಲಸ?" ಎಂದು ಕೇಳುವವರು ಇನ್ನು "ನನ್ನಿಂದ ಏನಾಗಬೇಕು?" ಎಂದು ಕೇಳಲಿ. ಅಷ್ಟೂ ಆಗದಿದ್ದರೆ ಸಲಾಂ ಹೇಳಿ ಸುಮ್ಮನಿರಲಿ, ಅದೂ ಪುಣ್ಯವೇ.

ಅಲ್ಲಾಹನೇ, ಕೆಲಸವಿಲ್ಲದವರಿಗೆ ಹಲಾಲ್ ದುಡಿಮೆಯ ಬಾಗಿಲು ತೆರೆ. ದುಡಿಯುವವರ ಸಂಪಾದನೆಯಲ್ಲಿ ಬರಕತ್ ನೀಡು. ಪರದೇಶದಲ್ಲಿರುವ ನಮ್ಮ ಮಕ್ಕಳನ್ನು ಕಾಪಾಡು. ಮೋಸ ಮಾಡುವುದರಿಂದಲೂ ಮೋಸ ಹೋಗುವುದರಿಂದಲೂ ನಮ್ಮನ್ನು ರಕ್ಷಿಸು. ಆಮೀನ್.